ಎಣ್ಣೆ ಕಾಯುವ ತನಕ

ಸಿಂಧನೂರಿನ ದೊಡ್ಡಬಸಪ್ಪನ ಮನೆಯ ಚರಿತ್ರೆಯನ್ನು ಯಾರಾದರೂ ಕೂತು ಬರೆಯುವುದಾದರೆ, ಅದರ ಬಹು ಮುಖ್ಯ ಅಧ್ಯಾಯವನ್ನು ಒಂದು ಗೋಣಿತಟ್ಟಿಗೆ ಮೀಸಲಿಡಬೇಕಾಗುತ್ತದೆ. ಎರಡು ಮೊಳದ ಆ ತಟ್ಟು ಪೂರ್ವಾಶ್ರಮದಲ್ಲಿ ಭತ್ತದ ಚೀಲವಾಗಿತ್ತು. ಅಣ್ಣತಮ್ಮಂದಿರ ಪಾಲು, ಹೆಣ್ಣುಮಕ್ಕಳ ಮದುವೆ, ಅಡತಿ ಅಂಗಡಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟದ್ದು, ಇವೆಲ್ಲ ಆ ಮನೆಯಲ್ಲಿ ಒಂದೆರಡು ಊಟ ಬಿಟ್ಟು ಮುನಿಸಿಕೊಂಡಷ್ಟರಲ್ಲೇ ಮುಗಿದುಹೋಗಿದ್ದವು. ಆದರೆ ಚಳಿಗಾಲದ ಬೆಳಿಗ್ಗೆ ಆ ತಟ್ಟನ್ನು ಕಾರಿನ ರೇಡಿಯೇಟರಿನ ಮುಂದೆ ಕಟ್ಟಬೇಕೇ, ಕಟ್ಟಿದರೆ ಯಾವ ಊರಿನಲ್ಲಿ ಬಿಚ್ಚಬೇಕು ಎಂಬ ಪ್ರಶ್ನೆ ಮಾತ್ರ ಇಡೀ ಸಂಸಾರವನ್ನು ಎರಡು ತಿಂಗಳು ಹಣ್ಣುಮಾಡಿತು.

ಮೇ ತಿಂಗಳಲ್ಲಿ ಕಾಗೆ ಕೂಡ ಬಾಯಿ ತೆರೆದುಕೊಂಡು ಕೂರುವ ಊರಿನಲ್ಲಿ ಎಂಜಿನ್ನಿಗೆ ಚಳಿ ಹತ್ತುತ್ತದೆ ಎಂದರೆ ಹೊರಗಿನವರು ನಂಬುವುದಿಲ್ಲ. ದೊಡ್ಡಬಸಪ್ಪನ ಹೆಂಡತಿ ಜಂಬಮ್ಮನಿಗೂ ಮೊದಮೊದಲು ನಗೆ ಬಂದಿತ್ತು. ತಪ್ಪು ಊರಿನದಲ್ಲ, ಗೌಸ್‌ಸಾಬನದು. ಬಹಳ ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ಆ ಬಿಳಿ ಡೀಸೆಲ್ ಕಾರು ದಾರಿಯಲ್ಲೇ ಕುದ್ದಾಗ, ಮಿಸ್ತ್ರಿ ಗೌಸ್‌ಸಾಬ್ ಎಂಜಿನ್ನಿನೊಳಗೆ ಕೈಹಾಕಿ ಹಿತ್ತಾಳೆಯ ಸಣ್ಣ ವಾಲ್ವೊಂದನ್ನು ಕಿತ್ತು ತೆಗೆದಿದ್ದ. ಥರ್ಮೋಸ್ಟಾಟ್ ಎಂದು ಅದರ ಹೆಸರು. ಎಂಜಿನ್ ಕಾಯುವ ತನಕ ನೀರನ್ನು ರೇಡಿಯೇಟರಿಗೆ ಹೋಗಗೊಡದೆ ಬಾಗಿಲು ಹಾಕಿಕೊಂಡಿರುವುದು, ಕಾದ ಮೇಲೆ ಬಾಗಿಲು ತೆರೆಯುವುದು, ಇಷ್ಟೇ ಅದರ ಉದ್ಯೋಗ.

"ಇದು ಥಂಡಿ ಮುಲುಕಿನ ಸಾಮಾನು, ಸಾವ್ಕಾರ್ರ. ನಮ್ಮ ಬಿಸಲಿಗೆ ಇದರ ದರಕಾರ ಇಲ್ಲ," ಎಂದು ಗೌಸ್‌ಸಾಬ್ ಅದನ್ನು ಚರಂಡಿಗೆ ಎಸೆದಿದ್ದ.

ಬೇಸಿಗೆಯ ಮಟ್ಟಿಗೆ ಅವನ ಮಾತು ಖರೆಯಾಯಿತು. ಚಳಿಗಾಲ ಬಂದಾಗ ನೀರು ಕಾಯಲೇ ಒಲ್ಲದು. ಎಣ್ಣೆ ಬೆಲ್ಲದ ಪಾಕದಂತೆ ದಪ್ಪ. ಕಾರು ಬಿಳಿ ಹೊಗೆ ಉಗುಳುತ್ತ, ಸ್ವಲ್ಪ ಏರು ಕಂಡರೆ ಕೆಮ್ಮುತ್ತಿತ್ತು. ಚರಂಡಿಗೆ ಹೋದ ವಾಲ್ವು ಯಾರಿಗೂ ನೆನಪಾಗಲಿಲ್ಲ. ದೊಡ್ಡಬಸಪ್ಪ ತನ್ನದೇ ಔಷಧಿ ಕಂಡುಕೊಂಡ. ದೀಪಾವಳಿಯಿಂದ ಶಿವರಾತ್ರಿಯ ತನಕ, ಬೆಳಿಗ್ಗೆ ಬಾನೆಟ್ ಎತ್ತಿ, ಗಾಳಿ ಬಡಿಯದ ಹಾಗೆ ರೇಡಿಯೇಟರಿನ ಮುಂದೆ ಗೋಣಿತಟ್ಟು ಕಟ್ಟುವುದು. ಅಂಗಳದಲ್ಲಿ ಅರ್ಧ ಗಂಟೆ ಎಂಜಿನ್ ಚಾಲೂ ಇಡುವುದು. ಲಿಂಗಸುಗೂರಿನ ದಾರಿಯ ಮಸ್ಕಿಯಲ್ಲಿ ನಿಲ್ಲಿಸಿ ಮಂಡಕ್ಕಿ ಒಗ್ಗರಣಿ-ಮಿರ್ಚಿ ತಿಂದು, ಚಹಾ ಕುಡಿದು, ತಟ್ಟು ಬಿಚ್ಚಿ ಡಿಕ್ಕಿಗೆ ಹಾಕುವುದು. ವರ್ಷಗಟ್ಟಲೆ ಈ ವ್ರತ ನಡೆಯಿತು. ಮಸ್ಕಿಯ ಮಿರ್ಚಿ ತಿನ್ನುವುದು ಮತ್ತು ತಟ್ಟು ಬಿಚ್ಚುವುದು ಅವನಿಗೆ ಒಂದೇ ಕೆಲಸದ ಎರಡು ತುದಿಗಳಾಗಿ ಹೋಗಿದ್ದವು.

ಇದು ಅವನೊಬ್ಬನ ಖಯಾಲಿಯಾಗಿದ್ದಷ್ಟು ದಿನ ಯಾರಿಗೂ ತೊಂದರೆ ಇರಲಿಲ್ಲ. ತೊಂದರೆ ಶುರುವಾದದ್ದು ಸೊಸೆ ಶಿವಕುಮಾರಿಗೆ ಲಿಂಗಸುಗೂರಿನ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಾಗ. ಮಾರ್ಚ್ ತನಕ ನೋಡುತ್ತೇವೆ, ಸರಿ ಕಂಡರೆ ಖಾಯಂ ಎಂದು ಶಾಲೆಯವರು ಹೇಳಿದ್ದರು. ಬಿ.ಎಡ್. ಮುಗಿಸಿ ಬಂದ ಹುಡುಗಿ ಐದು ವರ್ಷ ಈ ಮನೆಯ ಅಕ್ಕಿ ಆರಿಸಿದ್ದಳು. ಮಾವನಿಂದ ಹೂಂ ಅನ್ನಿಸಿದ್ದು ಜಂಬಮ್ಮ. ತಾನು ಏಳನೆಯ ಇಯತ್ತೆ ಪಾಸಾದಾಗ ಹೈಸ್ಕೂಲು ಮೂರು ಹರದಾರಿ ಆಚೆ ಇತ್ತು; ಕರೆದೊಯ್ಯಲು ಎತ್ತಿನ ಗಾಡಿ ಬಿಡುವಿಲ್ಲ ಎಂದಿದ್ದರು ಮನೆಯವರು. ಆ ಗಾಡಿ ಆಮೇಲೂ ಬಿಡುವಾಗಲಿಲ್ಲ. ಅದಕ್ಕೇ ಜಂಬಮ್ಮ ಈ ಸಲ ಗಂಡನ ಹಿಂದೆ ಬಿದ್ದು, ಊಟಕ್ಕೊಮ್ಮೆ, ನಿದ್ದೆಗೊಮ್ಮೆ ಅದೇ ಮಾತು ತೆಗೆದು, ಕಡೆಗೆ ಅವನ ಬಾಯಿಂದ ಒಂದು ಷರತ್ತು ಹೊರಡಿಸಿದಳು.

"ನಮ್ಮ ಮನಿ ಸೊಸಿ ಬಸ್ಸಿನ ಬಾಗಲ್ದಾಗ ಜೋತಾಡಿಕೋಂತ ಹೋಗೋದು ಬ್ಯಾಡ. ಹೋದ್ರ ನಮ್ಮ ಗಾಡ್ಯಾಗ. ನಾನ ಬಿಟ್ಟು, ನಾನ ಕರಕೊಂಡು ಬರ್ತೀನಿ. ಗಾಡಿ ಇರೋತನಕ ನೌಕರಿ."

ಗಾಡಿ ಇರುವ ತನಕ ನೌಕರಿ. ಷರತ್ತು ಕೇಳಿದಾಗ ಎಲ್ಲರೂ ನಕ್ಕಿದ್ದರು.

ನವೆಂಬರಿನ ಬೆಳಗುಗಳು ಹೀಗೆ ಸಾಗಿದವು. ಅಂಗಳದಲ್ಲಿ ಕಾರು ಗುಡುಗುಡು ಅನ್ನುತ್ತ ನಿಂತಿರುವುದು. ಹೊಗೆ ನೆಟ್ಟಗೆ ಅಡುಗೆಮನೆಗೆ ನುಗ್ಗುವುದು. ಶಿವಕುಮಾರಿ ಹೆಗಲಿಗೆ ಚೀಲ ಹಾಕಿಕೊಂಡು ಹೊಸಿಲಲ್ಲಿ ನಿಂತಿರುವುದು.

"ಮಾವಾರ, ಹೊಂಡೂಣೇನ್ರಿ?"

"ತಡಿಯವ್ವ, ಎಣ್ಣಿ ಕಾಯ್ಲಿ. ಬರೇ ನೀರು ಕಾದ್ರ ಆಗಂಗಿಲ್ಲ. ನೀರು ಗಂಡಸಿದ್ದಂಗ, ಲಗೂ ಕಾಯ್ತೈತಿ, ಲಗೂ ಆರ್ತೈತಿ. ಎಣ್ಣಿ ಹೆಂಗಸಿದ್ದಂಗ, ಸಾವಕಾಶ ಕಾಯ್ತೈತಿ."

"ಹೆಂಗಸು ಕಾದದ್ದು ನೀವೆಂದು ನೋಡೀರಿ?" ಜಂಬಮ್ಮ ಒಳಗಿನಿಂದಲೇ ರೊಟ್ಟಿ ಬಡಿಯುತ್ತ ಕೂಗಿದಳು. "ನಿಮ್ಮ ಗಾಡಿ ಕಾಯೋದ್ರಾಗ ನನ್ನ ರೊಟ್ಟಿಗೆಲ್ಲ ಡೀಸಲ್ ವಾಸನಿ ಹತ್ತೇತಿ."

"ಒಗ್ಗರಣಿ ಕೊಟ್ಟಂಗಾತು, ತಿನ್ನು."

ಗಂಡ ಹೆಂಡತಿಯ ಈ ವಿನೋದದಲ್ಲಿ ಶಿವಕುಮಾರಿಯ ಕಣ್ಣು ಮಾತ್ರ ಗಡಿಯಾರದ ಮೇಲಿರುತ್ತಿತ್ತು. ಮಸ್ಕಿಯಲ್ಲಿ ಮತ್ತೆ ನಿಲ್ಲಬೇಕು. ಅಲ್ಲಿ ಮಾವ ಮಿರ್ಚಿಯ ಕಡೆ ಒಂದು ಕಣ್ಣು, ರೇಡಿಯೇಟರಿನ ಕಡೆ ಒಂದು ಕಣ್ಣು ಇಟ್ಟು ಕೂರುತ್ತಾನೆ. ಅಲ್ಲಿನ ಬೋರಿನ ನೀರು ಉಪ್ಪು, ಎಂಜಿನ್ನಿನೊಳಗೆ ಸುಣ್ಣ ಕಟ್ಟುತ್ತದೆ ಎಂದು ಮನೆಯಿಂದಲೇ ಕಾಲುವೆಯ ನೀರನ್ನು ಬಟ್ಟೆಯಲ್ಲಿ ಸೋಸಿ ಕ್ಯಾನಿನಲ್ಲಿ ತಂದಿರುತ್ತಾನೆ. ಎಂಜಿನ್ ತಂಪಾಗಿಡಲು ಪೇಟೆಯಲ್ಲಿ ಮಾರುವ ಕೂಲಂಟಿಗೆ ಅವನಿಟ್ಟ ಹೆಸರು ಹಸರು ಶರಬತ್ತು. ಲಿಂಗಸುಗೂರು ಮುಟ್ಟುವಾಗ ಶಾಲೆಯಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು.

ಡಿಸೆಂಬರ್ ನಡುವಿನಲ್ಲಿ ಒಂದು ರಾತ್ರಿ ಊಟಕ್ಕೆ ಕೂತಾಗ ಮಗ ಸಿದ್ದಲಿಂಗೇಶ ಮಾತು ತೆಗೆದ. ಅವನಿಗೆ ಪೇಟೆಯಲ್ಲಿ ಗೊಬ್ಬರದ ಅಂಗಡಿ, ಮನೆಯ ಹಿತ್ತಲಲ್ಲಿ ಅದರ ಗೋದಾಮು. ಮಾತು ಕಡಿಮೆ, ಆದರೆ ಆಡಿದರೆ ತೂಕದ ಕಲ್ಲು ಇಟ್ಟಂತೆ ಆಡುತ್ತಿದ್ದ.

"ಅಪ್ಪಾ, ಹೆಡ್‌ಮಾಸ್ತರ್ರು ಇಕಿಗೆ ವಾರ್ನಿಂಗ್ ಕೊಟ್ಟಾರ. ಇನ್ನೊಮ್ಮೆ ತಡ ಆದ್ರ ಬ್ಯಾರೇದವರನ್ನ ನೋಡ್ಕೋತೀವಿ ಅಂದಾರ. ನಾಳಿಂದ ಬಸ್ಸಿಗೆ ಹೋಗ್ತಾಳ."

ದೊಡ್ಡಬಸಪ್ಪ ಪುಂಡಿಪಲ್ಲೆಗೆ ರೊಟ್ಟಿ ಒತ್ತಿದ ಕೈ ಹಾಗೇ ನಿಂತಿತು. "ನಾ ಮಾತು ಕೊಟ್ಟೀನಿ. ಗಾಡ್ಯಾಗ ಹೋಗ್ತಾಳ."

"ಗಾಡಿ ಅಲ್ಲದು, ಬಾಣಂತಿ! ದಿನಾ ಅರ್ಧ ತಾಸು ಕಾಸಬೇಕು, ಹೊಚ್ಚಬೇಕು, ಮಸ್ಕ್ಯಾಗ ಇಳಿಸಿ ಮಿರ್ಚಿ ತಿನ್ನಿಸಬೇಕು."

"ಮಿರ್ಚಿ ನಾ ತಿಂತೀನಿ, ಗಾಡಿ ತಿನ್ನಂಗಿಲ್ಲ."

ಜಂಬಮ್ಮನಿಗೆ ನಗು ಬಂತು. ಅದೇ ತಪ್ಪಾಯಿತು. ಅವಳು ನಕ್ಕದ್ದು ತನಗೇ ಎಂದು ಇಬ್ಬರೂ ತಿಳಿದರು.

"ಥಂಡಿ ಎಣ್ಣ್ಯಾಗ ಓಡಿಸಿದ್ರ ಎಂಜಿನ್ ಒಳಗಿಂದೊಳಗ ಸವದು ಹೋಕ್ಕೈತಿ," ಎಂದ ದೊಡ್ಡಬಸಪ್ಪ. "ಇಷ್ಟು ವರ್ಷ ಎಂಜಿನ್ ಬಿಚ್ಚಿ ಬೋರಿಂಗ್ ಮಾಡ್ಸಿಲ್ಲ, ನೋಡು. ನಿನಗೇನು ಗೊತ್ತದ? ಯೂರಿಯಾ ಮಾರೋನಿಗೆ."

"ಯೂರಿಯಾ ಮಾರೇ ಈ ಮನಿ ಸಂತಿ ಆಗಾಕತ್ತೇತಿ. ಆ ಗಾಡಿ ಗುಜರಿಗೆ ಹಾಕ್ರಿ."

ದೊಡ್ಡಬಸಪ್ಪ ಗಂಗಾಳದಲ್ಲಿ ಕೈ ತೊಳೆದು ಎದ್ದ. ಅನ್ನಕ್ಕೆ ಬರಲಿಲ್ಲ. ಶಿವಕುಮಾರಿ ಗಂಡನ ಕಡೆ ನೋಡಿ, "ನಾ ಕೇಳಿದ್ದೆನೇನ್ರಿ ನಿಮ್ಮನ್ನ? ಈಗ ಬಸ್ಸೂ ಹೋತು, ಮಾವಾರ ಊಟಾನೂ ಹೋತು," ಅಂದಳು.

ಅಂದಿನಿಂದ ಅಪ್ಪ ಮಗನ ನಡುವೆ ಮಾತು ನಿಂತಿತು. ಕಾರು ಓಡುವುದು ನಿಲ್ಲಲಿಲ್ಲ. ತಟ್ಟು ಕಟ್ಟುವುದೂ ನಿಲ್ಲಲಿಲ್ಲ. ಶಿವಕುಮಾರಿ ಬೆಳಿಗ್ಗೆ ಇನ್ನಷ್ಟು ಬೇಗ ಎದ್ದು, ಮಾವನಿಗೆ ಬಿಸಿನೀರು ಕಾಸಿಕೊಟ್ಟು, ಹೇಗೋ ಗಂಟೆ ಹೊಡೆಯುವ ಹೊತ್ತಿಗೆ ಶಾಲೆಯ ಗೇಟು ಮುಟ್ಟುತ್ತಿದ್ದಳು. ಮನೆಯಲ್ಲಿ ಮಾತು ಸಾಗಿಸುವ ಕೆಲಸ ಜಂಬಮ್ಮನ ಪಾಲಿಗೆ ಬಂತು. ಅವಳು ಅದನ್ನು ಕಾಳು ಕೇರಿದ ಹಾಗೆ ಮಾಡುತ್ತಿದ್ದಳು. ಕಲ್ಲು ಹೊಟ್ಟು ತನ್ನ ಮೊರದಲ್ಲೇ ಉಳಿಯುತ್ತಿತ್ತು.

"ಆ ಲಾಟ್‌ಸಾಹೇಬಗ ಹೇಳು, ರಾತ್ರಿ ಬಂದಾಗ ಗೇಟ್ ಹಾಕು ಅಂತ. ಹಂದಿ ಬರ್ತಾವ ಒಳಗ. ತಾನೊಬ್ಬನ ಮನಷ್ಯ ಅಂತ ತಿಳದಾನೇನು?" ಎಂದು ಗಂಡ ಹೇಳಿದರೆ, ಅವಳು ಮಗನಿಗೆ, "ಅಪ್ಪ ಕೇಳಿದ್ರಪ, ರಾತ್ರಿ ಯಾವಾಗ ಬಂದಿ ಅಂತ. ಉಂಡಿಯಾ ಇಲ್ಲ ಅಂತ," ಎನ್ನುತ್ತಿದ್ದಳು.

"ಅವರಿಗೆ ಹೇಳಬೇ, ಆ ಗಾಡಿ ಒಂದಿನ ನಡುದಾರ್ಯಾಗ ಕೈ ಕೊಡ್ತೈತಿ, ಆವಾಗ ಗೊತ್ತಾಗ್ತೈತಿ ಅಂತ," ಎಂದು ಮಗ ಹೇಳಿದರೆ, ಅದು ಗಂಡನ ಕಿವಿಗೆ, "ಸಿದ್ದಗ ನಿಮ್ಮದ ಫಿಕರ್ ನೋಡ್ರಿ. ದಾರ್ಯಾಗ ಹುಷಾರಂತ," ಎಂದು ಮುಟ್ಟುತ್ತಿತ್ತು.

ಹೀಗೆ ಒಂದು ತಿಂಗಳು ಅಪ್ಪ ಮಗ ಇಬ್ಬರೂ, ಎದುರಿನವನು ಸ್ವಲ್ಪ ಮೆತ್ತಗಾಗಿದ್ದಾನೆ ಎಂದು ನಂಬಿಕೊಂಡು ಬದುಕಿದರು. ಸಂಕ್ರಾಂತಿಗೆ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸುವಾಗ ಜಂಬಮ್ಮನಿಗೆ ತನ್ನ ಜಾಣತನದ ಬಗ್ಗೆ ಸಣ್ಣ ಹೆಮ್ಮೆಯೇ ಇತ್ತು.

ಜನವರಿ ಇಪ್ಪತ್ತಾರಕ್ಕೆ ಶಾಲೆಯಲ್ಲಿ ಧ್ವಜಾರೋಹಣ. ಮಕ್ಕಳ ಹಾಡಿನ ಹೊಣೆ ಶಿವಕುಮಾರಿಯದು. ಎಂಟಕ್ಕೆ ಸರಿಯಾಗಿ ಧ್ವಜ ಏರುತ್ತದೆ, ಆ ದಿನ ಮಾತ್ರ ತಡ ಆಗಕೂಡದು ಎಂದು ಹೆಡ್‌ಮಾಸ್ತರು ಎಲ್ಲರೆದುರು ಅವಳೊಬ್ಬಳನ್ನೇ ನೋಡಿ ಹೇಳಿದ್ದರಂತೆ. "ಅತ್ತೀ, ನೀವೂ ಬರ್ರಿ. ನನ್ನ ಸಾಲಿ ನೋಡಿದಂಗಾಕೈತಿ," ಎಂದು ಅವಳು ಕರೆದಾಗ ಜಂಬಮ್ಮ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಮಡಿಕೆ ಬಿಡಿಸಿದಳು.

ಹಿಂದಿನ ದಿನ ಭಾನುವಾರ. ದೊಡ್ಡಬಸಪ್ಪ ಬೀಗರ ಮನೆಯ ಕಾರ್ಯಕ್ಕೆಂದು ಯಾರದೋ ಗಾಡಿಯಲ್ಲಿ ಬಳಗಾನೂರಿಗೆ ಹೋದ. ಅವನು ಓಣಿ ದಾಟಿದ್ದೇ ತಡ, ಸಿದ್ದಲಿಂಗೇಶ ಗೌಸ್‌ಸಾಬನನ್ನು ಕರೆತಂದ. ಗೌಸ್‌ಸಾಬನ ಗಡ್ಡ ಈಗ ಬೆಳ್ಳಗಾಗಿತ್ತು. ಅವನು ಬಾನೆಟ್ಟಿನೊಳಗೆ ಬಗ್ಗಿ ಹೊಸ ಥರ್ಮೋಸ್ಟಾಟ್ ಕೂರಿಸಿ, ಹಳೆಯ ನೀರು ಬಸಿದು ಹಸಿರು ಕೂಲಂಟ್ ತುಂಬಿ, ಎಣ್ಣೆಯನ್ನೂ ಬದಲಿಸಿದ.

"ಅಲ್ಲೋ ಗೌಸ್‌ಸಾಬ್, ಇದು ನಮಗ ಬ್ಯಾಡ ಅಂತ ನೀನ ಕಿತ್ತು ಒಗದಿದ್ದೆಲ್ಲೋ?" ಎಂದಳು ಜಂಬಮ್ಮ, ಚಹಾದ ಲೋಟ ಕೊಡುತ್ತ.

"ಆಗ ಅದ ಬರೋಬ್ಬರಿ ಇತ್ರಿ ಅಮ್ಮಾರ. ಈಗ ಇದ ಬರೋಬ್ಬರಿ," ಎಂದ ಗೌಸ್‌ಸಾಬ್ ಯಾವ ನಾಚಿಕೆಯೂ ಇಲ್ಲದೆ.

ಅವನು ಹೋದ ಮೇಲೆ ಸಿದ್ದಲಿಂಗೇಶ ಅವ್ವನನ್ನು ಅಂಗಳಕ್ಕೆ ಕರೆದ. ಅವನ ಮುಖದಲ್ಲಿ ಅಪರೂಪಕ್ಕೆ ಹುಡುಗುತನವಿತ್ತು.

"ಅವ್ವಾ, ಚಂದಾಗಿ ಕೇಳು. ಇನ್ನ ಗಾಡಿ ತಾನ ಕಾಯ್ತೈತಿ, ತಾನ ತಣ್ಣಗಿರ್ತೈತಿ. ಅರ್ಧ ತಾಸು ನಿಲ್ಸೋದು ಬ್ಯಾಡ. ಐದು ಮಿನಿಟು ಸಾಕು. ಆ ತಟ್ಟು ಮಾತ್ರ ಕಟ್ಟಬಾರದು. ವಾಲ್ ಇದ್ದಾಗ ಗಾಳಿ ಕಟ್ಟಿದ್ರ ಕುದೀತೈತಿ. ಅಪ್ಪಗ ಹೇಳು. ಹೇಳ್ತಿ ಹೌದಲ್ಲ?"

"ನೀನ ಹೇಳಪಾ. ಒಳ್ಳೇ ಕೆಲಸ ಮಾಡೀದಿ."

"ನಾ ಹೇಳಿದ್ರ ಕೇಳ್ತಾರೇನು? ನೀ ಹೇಳು."

ಜಂಬಮ್ಮ ಇಡೀ ಸಂಜೆ ಆ ಮಾತನ್ನು ಮೊರದಲ್ಲಿ ಹಾಕಿ ಕೇರಿದಳು. ನನ್ನ ಗಾಡಿ ಮುಟ್ಟು ಅಂತ ಯಾರು ಹೇಳಿದ್ರು ಅವಗ, ಎಂದು ಗಂಡ ಕೂಗುವುದು ಅವಳಿಗೆ ಈಗಲೇ ಕೇಳಿಸುತ್ತಿತ್ತು. ಕೂಗಿ ಸುಮ್ಮನಾಗುವವನೂ ಅಲ್ಲ. ಕತ್ತಲಲ್ಲೇ ಗೌಸ್‌ಸಾಬನ ಬಾಗಿಲು ಬಡಿದು ವಾಲ್ವು ತೆಗೆಸಿಯಾನು. ಆಮೇಲೆ ಬೆಳಿಗ್ಗೆ ಮತ್ತೆ ಅರ್ಧ ಗಂಟೆ, ಮತ್ತೆ ಮಿರ್ಚಿ, ಎಂಟಕ್ಕೆ ಧ್ವಜ. ಬೇಡ. ನಾಳೆ ಒಂದು ದಿನ ಸುಖವಾಗಿ ಹೋಗಿ ಬರಲಿ. ಆಮೇಲೆ ನಿಧಾನಕ್ಕೆ ಹೇಳಿದರಾಯಿತು. ಹೇಗೂ ಕಟ್ಟಬಾರದ್ದು ತಟ್ಟು ತಾನೇ? ಅವಳು ಡಿಕ್ಕಿಯಿಂದ ಅದನ್ನು ತೆಗೆದು, ಜೋಳದ ಡಬ್ಬಿಯ ಹಿಂದೆ ತುರುಕಿದಳು.

ಗಂಡ ಬಂದು ಉಣ್ಣಲು ಕೂತಾಗ ಹೇಳಿದ್ದು ಇಷ್ಟು: "ಸಿದ್ದ ನಿಮ್ಮ ಗಾಡಿ ಸರ್ವಿಸ್ ಮಾಡ್ಸ್ಯಾನ್ರಿ. ನೀರು, ಎಣ್ಣಿ ಎಲ್ಲಾ ನೋಡ್ಯಾರಂತ. ನಾಳೆ ನೀರಿನ ಮುಚ್ಚಳ ಗಿಚ್ಚಳ ತೆಗದು ಹೊತ್ತು ಮಾಡಬ್ಯಾಡ್ರಿ. ಭಾಳ ಕಾಸೋದೂ ಬ್ಯಾಡಂತ."

ದೊಡ್ಡಬಸಪ್ಪ ತುತ್ತು ನಿಲ್ಲಿಸಿ ಅವಳನ್ನೇ ನೋಡಿದ. "ಸಿದ್ದ? ತಾನಾಗಿ?"

"ತಾನಾಗಿ."

ಅವನು ಇನ್ನೊಂದು ರೊಟ್ಟಿ ಹಾಕು ಎಂದು ಗಂಗಾಳ ಮುಂದೆ ಸರಿಸಿದ.

ಬೆಳಿಗ್ಗೆ ಕಾಲುವೆಯ ಕಡೆಯಿಂದ ಮಂಜು ಓಣಿಯೊಳಕ್ಕೆ ಬಂದಿತ್ತು. ಜಂಬಮ್ಮ ಬುತ್ತಿ ಕಟ್ಟುತ್ತಿದ್ದಾಗ ಅಂಗಳದಿಂದ ಗಂಡನ ದನಿ ಬಂತು. "ಲೇ, ತಟ್ಟು ಎಲ್ಲಿ ಹೋತು?"

"ಇಲಿ ಎಳಕೊಂಡು ಹೋಗಿರಬೇಕು ಬಿಡ್ರಿ! ಒಂದಿನ ಇಲ್ಲಂದ್ರ ಏನಾಕ್ಕೈತಿ?"

ಅವನು ಗೊಣಗಿದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಬಾನೆಟ್ ಹಾಕಿದ ಸದ್ದು. ನೀರು ನೋಡಿರಬೇಕು ಎಂದುಕೊಂಡು ಅವಳು ಬುತ್ತಿಯ ಗಂಟು ಬಿಗಿದಳು.

ಹೆಂಗಸರಿಬ್ಬರೂ ಹಿಂದೆ ಕೂತರು. ಶಿವಕುಮಾರಿಯ ಬಿಳಿ ಸೀರೆಗೆ ಹಸಿರು ಅಂಚು, ತಲೆಯಲ್ಲಿ ಸೇವಂತಿಗೆ, ಮಡಿಲಲ್ಲಿ ಕಾಗದದ ಧ್ವಜಗಳ ಚೀಲ. ಅವಳು ತುಟಿ ಅಲುಗಿಸುತ್ತ ಹಾಡು ಒಪ್ಪಿಸಿಕೊಳ್ಳುತ್ತಿದ್ದಳು. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ದೊಡ್ಡಬಸಪ್ಪ ಒಮ್ಮೆಲೇ ಬೆನ್ನು ನೆಟ್ಟಗೆ ಮಾಡಿ ಕೂತ.

"ಏ, ಇಲ್ಲಿ ನೋಡ್ರಿ! ಬಿಸಿ ತೋರ್ಸೋ ಮುಳ್ಳು ನಡುವಿಗೆ ಬಂತು! ಇಷ್ಟು ವರ್ಷದಾಗ ಚಳಿಗಾಲದಾಗ ಈ ಮುಳ್ಳು ಇಲ್ಲೀತನಕ ಬಂದದ್ದು ನಾ ನೋಡಿಲ್ಲ. ಎಂಜಿನ್ ದನಿ ಕೇಳು, ಬೆಣ್ಣಿ, ಬೆಣ್ಣಿ!"

ಖರೆಯೇ, ಕಾರು ಹೊಗೆಯಿಲ್ಲದೆ, ಕೆಮ್ಮಿಲ್ಲದೆ ಹೋಗುತ್ತಿತ್ತು. ಗದ್ದೆಯಲ್ಲಿ ನಾಟಿಗೆ ಇಳಿಯುತ್ತಿದ್ದ ಹೆಂಗಸರು ಹಿಂದಕ್ಕೆ ಸರಿದುಹೋದರು.

"ಮಗ ಏನೋ ಮಾಡ್ಯಾನ," ಎಂದ ದೊಡ್ಡಬಸಪ್ಪ. ಸ್ವಲ್ಪ ತಡೆದು, "ಛಲೋ ಮಾಡ್ಯಾನ," ಎಂದ. ಇನ್ನೂ ಸ್ವಲ್ಪ ತಡೆದು, "ನಾನೂ ಅವತ್ತು ಯೂರಿಯಾ ಅಂತ ಅನಬಾರದಿತ್ತು," ಎಂದ.

ಜಂಬಮ್ಮನ ಬಾಯಿಗೆ ಮಾತು ಬಂದಿತ್ತು. ವಾಲ್ ಹಾಕ್ಸ್ಯಾನ್ರಿ ಅವನು, ಎಂದು ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಬರುವುದಿಲ್ಲ ಎಂದೂ ಅನ್ನಿಸಿತು. ಆದರೆ ತಿಂಗಳಾದ ಮೇಲೆ ಗಂಡ ಮಗನ ಬಗ್ಗೆ ಹೀಗೆ ಮಾತಾಡುತ್ತಿದ್ದ. ವಾಲ್ವು ಎಂದ ಕೂಡಲೇ ಮತ್ತೆ ಗೌಸ್‌ಸಾಬ್, ಮತ್ತೆ ಯಾರು ಹೇಳಿದ್ರು, ಮತ್ತೆ ಎಲ್ಲ. ಅವಳು ಸೆರಗು ಹೊದ್ದು ಸುಮ್ಮನೆ ಕೂತಳು.

ಮಸ್ಕಿ ಬಂತು. ಮಿರ್ಚಿ ಅಂಗಡಿಯವನು ಒಲೆ ಹೊತ್ತಿಸಿದ್ದ. ಗುರುತಿನ ಕಾರು ಕಂಡು ಕೈ ಎತ್ತಿದ. ದೊಡ್ಡಬಸಪ್ಪನೂ ಕೈ ಎತ್ತಿದ, ಆದರೆ ನಿಲ್ಲಿಸಲಿಲ್ಲ. "ಇವತ್ತು ನಿಲ್ಲೂದ ಬ್ಯಾಡ! ಗಾಡಿ ಮಜಾ ಹೊಂಟೇತಿ. ನಮ್ಮ ಟೀಚರಮ್ಮನ್ನ ಧ್ವಜಕ್ಕಿಂತ ಮೊದಲ ಮುಟ್ಟಸ್ತೀನಿ."

ಶಿವಕುಮಾರಿ ಅತ್ತೆಯ ಕೈ ಹಿಡಿದು ಒತ್ತಿದಳು.

ಮಸ್ಕಿ ದಾಟಿದ ಮೇಲೆ ಗದ್ದೆ ಮುಗಿದು ಜೋಳದ ಹೊಲಗಳು ಬಂದವು. ರಸ್ತೆ ಏರುತ್ತಿತ್ತು. ಶಿವಕುಮಾರಿ ಮುಂದಕ್ಕೆ ಬಗ್ಗಿ, "ಮಾವಾರ, ಮುಳ್ಳು ಇನ್ನೂ ಏರಾಕತ್ತೈತಲ್ರಿ," ಅಂದಳು.

"ಏರ್ಲಿ ಬಿಡವ್ವ. ಎಣ್ಣಿ ಈಗ ಖರೇ ಕಾಯಾಕತ್ತೈತಿ."

ಸ್ವಲ್ಪ ಹೊತ್ತಿಗೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಯಾರದೋ ಹೊಲದಲ್ಲಿ ಕಸ ಸುಡುತ್ತಿದ್ದಾರೆ ಎಂದ ದೊಡ್ಡಬಸಪ್ಪ. ಆಮೇಲೆ ಎಂಜಿನ್ ಒಳಗಿಂದ ಕಲ್ಲು ಕುಟ್ಟಿದ ಸದ್ದು. ಮುಂದಿನ ಗಾಜಿನ ತುಂಬ ಹಬೆ. ಕಾರು ಬದಿಗೆ ಬಂದು ನಿಂತಿತು.

ಇಂಥ ಹೊತ್ತಿಗೆ ಏನು ಮಾಡಬೇಕೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವನೇ ಎಲ್ಲರಿಗೂ ಕಲಿಸಿದ್ದ. ಬಾನೆಟ್ ಎತ್ತು, ದೂರ ನಿಲ್ಲು, ಒಂದು ಬೀಡಿ ಸೇದಿ ಇನ್ನೊಂದು ಹಚ್ಚುವಷ್ಟು ಹೊತ್ತು ಮುಟ್ಟಬೇಡ. ಕುದಿಯುವ ಎಂಜಿನ್ನಿಗೆ ತಣ್ಣೀರು ಹಾಕುವುದೂ ಒಂದೇ, ಕಾದ ಮಣ್ಣಿನ ಹಂಚಿಗೆ ನೀರು ಚೆಲ್ಲುವುದೂ ಒಂದೇ. ಆದರೆ ಶಿವಕುಮಾರಿ ರಸ್ತೆಯಂಚಿನಲ್ಲಿ ನಿಂತು ಕೈಗಡಿಯಾರ ನೋಡುತ್ತಿದ್ದಳು. ಅವಳು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅವನು ಬಹುಶಃ ಎದುರು ಮಾತಾಡಿ ಸುಮ್ಮನೆ ಕಾಯುತ್ತಿದ್ದ.

"ಕ್ಯಾನ್ ತಾ," ಎಂದ ಹೆಂಡತಿಗೆ.

"ಈಗಿಂದೀಗ ಹಾಕಬಾರದು ಅಂತಿದ್ರೆಲ್ಲ ನೀವು?"

"ಹುಡುಗಿಗೆ ಹೊತ್ತಾಗಾಕತ್ತೈತಿ. ತಾ ಇಲ್ಲಿ!"

ಟವೆಲು ಸುತ್ತಿ ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಹಬೆ ಬುಸ್ಸೆಂದು ಎದ್ದಿತು, ಮೊಣಕೈ ತನಕ ಸುಟ್ಟಿತು. ಅವನು ಕೈ ಜಾಡಿಸಿ, ಸೋಸಿ ತಂದಿದ್ದ ಕಾಲುವೆಯ ತಣ್ಣೀರನ್ನು ಒಂದೇ ಸಮನೆ ಸುರಿದ. ಒಳಗಿನಿಂದ ಟಕ್ ಎಂಬ ಸದ್ದು ಬಂತು. ದೊಡ್ಡ ಸದ್ದೇನಲ್ಲ. ಅದನ್ನು ಕೇಳಿ ದೊಡ್ಡಬಸಪ್ಪ ಕ್ಯಾನನ್ನು ನೆಲಕ್ಕಿಟ್ಟು, ರಸ್ತೆಬದಿಯ ಕಲ್ಲಿನ ಮೇಲೆ ಕೂತುಬಿಟ್ಟ.

ಬಸ್ಸೊಂದು ನಿಲ್ಲದೆ ಹೋಯಿತು. ಆಮೇಲೆ ಬಂದ ಟಂಟಂ ಆಟೋ ಕಿಕ್ಕಿರಿದಿತ್ತು. ಸಂತೆಕಲ್ಲೂರಿನ ಹೆಂಗಸರು ಒತ್ತಿಕೊಂಡು ಕೂತು ಶಿವಕುಮಾರಿಗೆ ಅಂಗೈಯಗಲ ಜಾಗ ಮಾಡಿದರು. ಅದು ಹೊರಟಾಗ ಎಂಟಕ್ಕೆ ಹೆಚ್ಚು ಹೊತ್ತು ಉಳಿದಿರಲಿಲ್ಲ. ಧ್ವಜಗಳ ಚೀಲ ಕಾರಿನ ಹಿಂದಿನ ಸೀಟಿನಲ್ಲೇ ಉಳಿದುಹೋಗಿತ್ತು.

ಫೋನು ಮಾಡಿದ್ದಕ್ಕೆ ಸಿದ್ದಲಿಂಗೇಶ ಗೌಸ್‌ಸಾಬನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ. ಗೌಸ್‌ಸಾಬ್ ಬಾನೆಟ್ ಒಳಗೆ ಬಗ್ಗಿ, ಎದ್ದು, ಮತ್ತೆ ಬಗ್ಗಿದ. ರೇಡಿಯೇಟರಿನ ಮುಂದಿನಿಂದ ಅವನು ಸುಲಿದು ತೆಗೆದದ್ದು ಎರಡು ಪದರದ ಗೊಬ್ಬರದ ಚೀಲ. ಪ್ಲಾಸ್ಟಿಕ್ಕು ಕರಗಿ ಜಾಲರಿಗೆ ಅಂಟಿಕೊಂಡಿತ್ತು.

"ಯಾ ಅಲ್ಲಾ! ಸಾವ್ಕಾರ್ರ, ಗಾಡಿಗೆ ಮೂಗು ಬಾಯಿ ಎರಡೂ ಕಟ್ಟೀರಲ್ರಿ! ತಟ್ಟಾದ್ರ ಸಂದ್ಯಾಗ ಗಾಳಿ ಹೊಕ್ಕೋತಿತ್ತು."

"ತಟ್ಟು ಸಿಗಲಿಲ್ಲ," ಎಂದ ದೊಡ್ಡಬಸಪ್ಪ. "ಗೋದಾಮಿನಾಗ ಇವು ಬಿದ್ದಿದ್ದವು. ಮಸ್ಕ್ಯಾಗ ನಿಲ್ಲಲಿಲ್ಲ, ಬಿಚ್ಚೋದು ಮರತುಹೋತು."

ಗೌಸ್‌ಸಾಬ್ ಎಣ್ಣೆ ಅಳೆಯುವ ಕಡ್ಡಿ ಎಳೆದು ತೋರಿಸಿದ. ನಿನ್ನೆ ಹಾಕಿದ ಹೊಸ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. "ಎಂಜಿನ್ ಮ್ಯಾಲಿನ ಹೆಡ್ ಸೀಳೇತಿ. ನೀರು ಎಣ್ಣ್ಯಾಗ ಕೂಡೇತಿ. ಈ ಮಾಡಲಿಗೆ ಹೆಡ್ ಈಗ ಎಲ್ಲಿ ಸಿಕ್ಕೀತು? ಮುಗೀತ್ರಿ."

ಸಿದ್ದಲಿಂಗೇಶ ಅಪ್ಪನ ಮುಂದೆ ನಿಂತ. ನಲವತ್ತು ದಿನದ ಮೇಲೆ ಮೊದಲ ಮಾತು ಇದಾಯಿತು. "ತಟ್ಟು ಕಟ್ಟಬ್ಯಾಡ್ರಿ ಅಂತ ಹೇಳಿ ಕಳಿಸಿದ್ದೆನಲ್ಲಪ್ಪ? ವಾಲ್ ಹಾಕ್ಸೀನಿ ಅಂತ."

"ವಾಲ್? ಯಾವ ವಾಲ್?"

ಇಬ್ಬರೂ ಒಟ್ಟಿಗೆ ಜಂಬಮ್ಮನ ಕಡೆ ತಿರುಗಿದರು. ಇಳಕಲ್ ಸೀರೆಯ ಸೆರಗಿಗೆ ರಸ್ತೆಯ ಧೂಳು ಹತ್ತಿತ್ತು. ಅವಳು ಅದನ್ನು ಕೊಡವಲಿಲ್ಲ.

"ಹೇಳಲಿಲ್ಲ ನಾನು," ಎಂದಳು. "ಜಗಳ ಆಕ್ಕೈತಿ ಅಂತ. ತಟ್ಟು ಬಚ್ಚಿಟ್ಟೆ."

ಸಿದ್ದಲಿಂಗೇಶ ಬಾಯಿ ತೆರೆದ. ದೊಡ್ಡಬಸಪ್ಪ ಸುಟ್ಟ ಕೈ ಅಡ್ಡ ಹಿಡಿದ. "ಆಕಿಗೇನೂ ಅನಬ್ಯಾಡ. ಹೇಳಿದ್ರ ರಾತ್ರೋರಾತ್ರಿ ತೆಗಸ್ತಿದ್ದೆ ನಾ. ಆಕಿಗೆ ಗೊತ್ತದ."

ಅವನು ಸಮಾಧಾನಕ್ಕೆ ಆಡಿದ ಮಾತು ಅದು. ಜಂಬಮ್ಮನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಸಂಜೆ ಶಿವಕುಮಾರಿ ಬಸ್ಸಿನಲ್ಲಿ ಬಂದಳು. ಕೂರಲು ಜಾಗ ಸಿಕ್ಕಿತ್ತಂತೆ. ಅವಳು ಮುಟ್ಟುವಷ್ಟರಲ್ಲಿ ಧ್ವಜ ಏರಿ, ಹಾಡನ್ನು ಇನ್ನೊಬ್ಬ ಟೀಚರು ಹಾಡಿಸಿ, ಮಕ್ಕಳು ಲಾಡು ತಿನ್ನುತ್ತಿದ್ದರು. ಹೆಡ್‌ಮಾಸ್ತರು ಬೈಯಲಿಲ್ಲ. ಎರಡು ದಿನ ರಜೆ ತಗೊಳ್ಳಿ, ಹೇಳಿ ಕಳಿಸುತ್ತೇವೆ ಎಂದರಂತೆ. ಅವಳು ಒಲೆಯ ಮುಂದೆ ಕೂತು ಹಿಟ್ಟು ನಾದುತ್ತ ಕೇಳಿದಳು.

"ಅತ್ತೀ, ವಾಲ್ ಹಾಕಿದ್ದು ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತವ್ವ."

"ಮಸ್ಕಿ ದಾಟಿದಾಗಾದ್ರೂ ಹೇಳಬೇಕಿತ್ರಿ."

"ಹೇಳಬೇಕಿತ್ತು."

ಹಂಚು ಕಾದಿತ್ತು. ಶಿವಕುಮಾರಿ ರೊಟ್ಟಿ ಹಾಕಿದಳು. ಮತ್ತೆ ಆ ಮಾತು ಬರಲಿಲ್ಲ.

ಅಪ್ಪ ಮಗ ಮಾತಾಡುತ್ತಿದ್ದರು ಈಗ. ಕೈಗೆ ಮುಲಾಮು ಹಚ್ಚಿದ್ರೇನು, ಹಚ್ಚೀನಿ. ಅಂಗಡಿಗೆ ಮಾಲು ಬಂತೇನು, ಬಂತು. ಜಂಬಮ್ಮನ ಮೊರಕ್ಕೆ ಕೆಲಸವಿರಲಿಲ್ಲ.

ಗುರುವಾರ ಬೆಳಿಗ್ಗೆ ದೊಡ್ಡಬಸಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಅಂಗಳದಲ್ಲಿ ಎಣ್ಣೆ ಬಿದ್ದು ಕಪ್ಪಾಗಿದ್ದ ಖಾಲಿ ಜಾಗದ ಮುಂದೆ ಬಹಳ ಹೊತ್ತು ನಿಂತಿದ್ದ. ಆಮೇಲೆ ಒಳಗೆ ಬಂದು, ಅಡುಗೆಮನೆಯ ಹೊಸಿಲಾಚೆಯೇ ನಿಂತು, ಸೊಸೆಯ ಕಡೆ ನೋಡದೆ ಹೇಳಿದ: "ಗಾಡಿ ಇರೋತನಕ ಅಂತ ಅಂದಿದ್ದೆ ನಾ. ಅದು ಬಿಡು. ನೀ ಬಸ್ಸಿಗೆ ಹೋಗವ್ವ. ಸ್ಟ್ಯಾಂಡಿನತನಕ ನಾ ಬರ್ತೀನಿ, ಸೀಟು ಹಿಡದು ಕೊಡ್ತೀನಿ."

ಶಿವಕುಮಾರಿ ಕೈ ಒರೆಸಿಕೊಂಡು ಶಾಲೆಗೆ ಫೋನು ಮಾಡಿದಳು. ಬುಧವಾರವೇ ಬೇರೊಬ್ಬ ಶಿಕ್ಷಕಿಯನ್ನು ತೆಗೆದುಕೊಂಡಿದ್ದರು.